ಕೆರೆಯ ದಂಡೆಗೆ ಹೋಗುವ ಮುನ್ನ

ದೀಪಾವಳಿ ಕಳೆದು ಚಳಿ ಇನ್ನೂ ಬಲಿಯದ ದಿನಗಳು ನಮ್ಮ ನಾಡಿನಲ್ಲಿ ಕೆರೆ ನೋಡುವ ಕಾಲ. ಮುಂಗಾರು ಹಿಂಗಾರು ಎರಡೂ ಕೈಹಿಡಿದ ವರ್ಷವಾದರೆ ಏರಿಯ ಈಚೆಗೆ ತುಂಬಿದ ನೀರು, ಆಚೆಗೆ ತೆನೆ ಬಾಗಿದ ಭತ್ತದ ಗದ್ದೆ, ನಡುವೆ ತಂಗಾಳಿಯಲ್ಲಿ ನಡೆದುಹೋಗಲು ಒಂದು ದಾರಿ. ಪಟ್ಟಣದಲ್ಲಿರುವ ನಾವು ಮಕ್ಕಳಿಗೆ ಊಟಿ, ಕೊಡೈಕಾನಲ್ ತೋರಿಸಬೇಕೆಂದು ವರ್ಷವಿಡೀ ಹಣ ಕೂಡಿಡುತ್ತೇವೆ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ದೀಪ ಹಚ್ಚುವ ವೇಳೆಗೆ ಮನೆಗೆ ಬರಬಹುದಾದ ಕೆರೆಯನ್ನು ಮಾತ್ರ ನೋಡಿರುವುದಿಲ್ಲ.

ಹೋಗುವುದಾದರೆ, ಕೆರೆಯೆಂದರೆ ಏನು ಎಂಬುದನ್ನು ಸ್ವಲ್ಪ ತಿಳಿದು ಹೋಗಿರಿ. ಬಯಲುಸೀಮೆಯ ನಮ್ಮ ಕೆರೆಗಳಲ್ಲಿ ಹೆಚ್ಚಿನವು ತಾವಾಗಿ ಆದ ಸರೋವರಗಳಲ್ಲ. ಮಳೆಯ ನೀರು ಹರಿದುಹೋಗುವ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಅದರ ಒಳಮೈಗೆ ಕಲ್ಲು ಹೊದಿಸಿ, ಗದ್ದೆಗೆ ನೀರು ಬಿಡಲು ತೂಬನ್ನೂ, ಹೆಚ್ಚಾದ ನೀರು ಹೊರಬೀಳಲು ಕೋಡಿಯನ್ನೂ ಇಟ್ಟು ಹಿರಿಯರು ಕಟ್ಟಿದ್ದು. ಹಳೆಯ ತೂಬನ್ನು ಗುರುತಿಸುವುದು ಸುಲಭ: ನೀರಿನೊಳಗಿಂದ ಎದ್ದು ನಿಂತ ಎರಡು ಕಲ್ಲುಕಂಬಗಳು, ಅವುಗಳ ನಡುವೆ ಅಡ್ಡ ಚಪ್ಪಡಿಗಳು. ಕಂಬದ ಬುಡದಲ್ಲಿ ಒಂದು ಕಂಡಿ ಇರುತ್ತದೆ. ಅದರ ಬಿರಡೆಯನ್ನು ಎತ್ತಿದರೆ ನೀರು ಏರಿಯ ಅಡಿಯ ಕಾಲುವೆಗೆ ನುಗ್ಗಿ ಆಚೆಗೆ ಹೋಗುತ್ತದೆ. ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದೆಲ್ಲ ನೀರಗಂಟಿಯ ಲೆಕ್ಕ.

ಈ ರಚನೆಯಿಂದಲೇ ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಏರಿಯನ್ನು ಕಟ್ಟುವುದು ಕಣಿವೆ ಬಹಳ ತಗ್ಗಾದ ಕಡೆ. ಆದ್ದರಿಂದ ಕೆರೆಯಲ್ಲಿ ನೀರು ಅತ್ಯಂತ ಆಳವಾಗಿರುವುದು ಏರಿಯ ಬುಡದಲ್ಲೇ, ಅದರಲ್ಲೂ ತೂಬಿನ ಬಳಿ. ಪಟ್ಟಣದಿಂದ ಬಂದವರಿಗೆ ತೋರುವುದು ತದ್ವಿರುದ್ಧ: ಕಲ್ಲು ಹೊದಿಸಿದೆ, ಮೆಟ್ಟಿಲಿನಂತಿದೆ, ಕಾಲು ತೊಳೆಯಲು ಇದಕ್ಕಿಂತ ಒಳ್ಳೆಯ ಜಾಗ ಉಂಟೆ? ಪಾಚಿ ಕಟ್ಟಿದ ಆ ಕಲ್ಲಿನ ಮೇಲೆ ಕಾಲು ಜಾರಿದರೆ ಎರಡನೆಯ ಮೆಟ್ಟಿಲು ಸಿಗುವುದಿಲ್ಲ. ತೂಬು ಎತ್ತಿದ್ದಾಗ ಅದರ ಬಳಿ ನೀರಿನ ಸೆಳೆತ ಮೇಲೆ ನೋಡುವವರಿಗೆ ಕಾಣುವುದೂ ಇಲ್ಲ. ಇನ್ನು ಹಿನ್ನೀರಿನ ಕಡೆ, ಹಳ್ಳ ಬಂದು ಸೇರುವಲ್ಲಿ, ನೀರು ತೆಳುವೆಂಬುದು ನಿಜ. ಆದರೆ ಬೇಸಿಗೆಯಲ್ಲಿ ಕೆರೆಯಂಗಳದಿಂದ ಗೋಡುಮಣ್ಣು ತೆಗೆದ, ಇಟ್ಟಿಗೆಗೆಂದು ಅಗೆದ ಗುಂಡಿಗಳು ಮಳೆ ಬಂದ ಮೇಲೆ ನೀರಿನಡಿ ಮರೆಯಾಗುತ್ತವೆ. ಮೊಣಕಾಲುದ್ದದಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಕಾಣದಾಗುವುದು ಹೀಗೆ. ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಜೊತೆಗೆ ಹೋದರೆಂಬ ಸುದ್ದಿಯೇ ಹೆಚ್ಚು.

ಈಜು ಬಾರದವರು ಯಾರನ್ನೂ ಉಳಿಸಲು ನೀರಿಗೆ ಇಳಿಯಬಾರದು. ದಡದಲ್ಲಿ ಮಲಗಿ ಉದ್ದನೆಯ ಕೋಲನ್ನೋ ಸೀರೆಯ ಒಂದು ತುದಿಯನ್ನೋ ಕೊಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನೊಂದನ್ನು ಎಸೆಯಿರಿ, ಅದನ್ನು ಅಪ್ಪಿಕೊಂಡು ತೇಲಬಹುದು. ಕೂಗಿ ಊರವರನ್ನು ಕರೆಯಿರಿ. ಹತ್ತು ಮೀಟರು ನೂಲಿನ ಹಗ್ಗವೊಂದು ಬುತ್ತಿಯ ಚೀಲದಲ್ಲಿದ್ದರೆ ಭಾರವೇನೂ ಆಗದು. ಮೊಬೈಲಿನಲ್ಲಿ ತಮ್ಮ ಚಿತ್ರ ತಾವೇ ತೆಗೆದುಕೊಳ್ಳುವವರು ಕೋಡಿಯ ಮೇಲೆ ಹಿಂದುಹಿಂದಕ್ಕೆ ಹೆಜ್ಜೆಯಿಡುವುದನ್ನು ಕಂಡರೆ, ಮನೆಯ ಹಿರಿಯರು ಸಂಕೋಚವಿಲ್ಲದೆ ಗದರಿಸಬೇಕು.

ಇಷ್ಟು ತಿಳಿದ ಮೇಲೆ ಎಲ್ಲಿಗೆ ಹೋಗೋಣ? ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು ನಾನು ಮೊದಲು ಹೇಳುವೆ. ಶಾಂತಿಸಾಗರವೆಂದೂ ಇದಕ್ಕೆ ಹೆಸರುಂಟು. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದು ಐತಿಹ್ಯ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಹಾಕಿದ ಏರಿ ಅಷ್ಟೇನೂ ಉದ್ದವಿಲ್ಲ, ಆದರೆ ಅಗಲವೂ ಎತ್ತರವೂ ಅಗಾಧ. ಅಷ್ಟು ಚಿಕ್ಕ ಏರಿ ಎಷ್ಟು ನೀರನ್ನು ಹಿಡಿದಿದೆಯೆಂಬುದೇ ನೋಡತಕ್ಕ ಸೋಜಿಗ. 1897ರ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಅವರು ಇದರ ಸುತ್ತಳತೆಯನ್ನು 40 ಮೈಲಿಯೆಂದು ಬರೆದಿದ್ದಾರೆ. ಸಿದ್ಧ, ಬಸವ ಎಂದು ಎರಡು ತೂಬುಗಳು. ಇಲ್ಲಿಂದ ಹೊರಟ ಹರಿದ್ರಾ ನದಿ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ದೂರದ ಚಿತ್ರದುರ್ಗದ ನಲ್ಲಿಗೂ ಈ ಕೆರೆಯ ನೀರು ಹೋಗುತ್ತದೆ. ಇದರಲ್ಲಿ ಬಟ್ಟೆ ಒಗೆಯುವ, ವಾಹನ ತೊಳೆಯುವ ಮನಸ್ಸು ಬಂದವರು ಅದನ್ನು ನೆನೆಯಲಿ.

ಬೆಟ್ಟ ಹತ್ತುವ ಉತ್ಸಾಹವಿರುವ ಹುಡುಗರಿದ್ದರೆ ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಲೇಸು. ಶಕುನಗಿರಿಯ ಬುಡದಲ್ಲೇ ನೀರು ಹರಡಿಕೊಂಡಿದೆ. ಗಾಳಿಯಿಲ್ಲದ ಬೆಳಿಗ್ಗೆ ಇಡೀ ಬೆಟ್ಟ ತಲೆಕೆಳಗಾಗಿ ಕಾಣುತ್ತದೆ. ಬೆಟ್ಟವನ್ನು ಬಿಸಿಲೇರುವ ಮುನ್ನ, ದಾರಿ ಬಲ್ಲ ಊರವರೊಬ್ಬರ ಜೊತೆಗೆ ಹತ್ತುವುದು ಕ್ಷೇಮ. ಹುಲ್ಲು ಎದೆಯುದ್ದ ಬೆಳೆದಿರುವಾಗ ಜಾಡು ತಪ್ಪುವುದು ಸುಲಭ. ಈ ಕೆರೆಯಿಂದ ಹೊರಬೀಳುವ ವೇದಾ ಹೊಳೆ ಕಡೂರಿನ ಬಳಿ ಅವತಿಯನ್ನು ಕೂಡಿ ವೇದಾವತಿಯಾಗುತ್ತದೆ. ಅದೇ ನೀರು ಮುಂದೆ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದಲ್ಲಿ ನಿಲ್ಲುತ್ತದೆ. ಈ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಜ್ಜಂದಿರ ಬಾಯಲ್ಲಿ ಕೇಳಿದ್ದನ್ನು ಮರಿಮಕ್ಕಳು ಕಣ್ಣಾರೆ ಕಂಡರು, ಆ ವರ್ಷ ಅಲ್ಲಿ ಸೇರಿದ ಜನಕ್ಕೆ ಜಾತ್ರೆಯ ಕಳೆಯಿತ್ತು.

ಮೈಸೂರಿನವರಿಗೆ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಹತ್ತಿರ. ನೀರಿನ ತಿಳಿಗೆ ಮೋತಿ ತಲಾಬ್ ಎಂಬ ಹೆಸರು ಒಪ್ಪುತ್ತದೆ. ರಾಮಾನುಜಾಚಾರ್ಯರ ನೆನಪಿನ ಊರು. ದೇವಾಲಯಗಳನ್ನು ಕಂಡು ಮೇಲುಕೋಟೆಗೂ ಹೋಗಿ ಬರಬಹುದು. ನೀರು ತಿಳಿಯಾಗಿದೆಯೆಂದು ಆಳ ಕಡಿಮೆಯೆಂದು ಭ್ರಮಿಸಬೇಡಿ.

ಗಾಳ ಹಾಕುವ ಹವ್ಯಾಸವಿದ್ದವರಿಗೆ ನಾಲ್ಕು ಮಾತು. ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಮರಿ ಬಿಟ್ಟು ಬೆಳೆಸಿದವರು ಅವರು. ನಿಮಗೆ ಹೊತ್ತು ಕಳೆಯುವ ಆಟ, ಅವರಿಗೆ ಅನ್ನ. ಅವರನ್ನು ಕೇಳದೆ ಗಾಳ ಇಳಿಸುವುದು ಬೇರೆಯವರ ತೋಟದಲ್ಲಿ ಕಾಯಿ ಕಿತ್ತಂತೆ. ಕೇಳಿದರೆ ಒಪ್ಪುವುದುಂಟು, ಯಾವ ಮೂಲೆಯಲ್ಲಿ ಕೂರಬೇಕೆಂದೂ ಅವರೇ ತೋರಿಸಿಯಾರು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಗಾಳವನ್ನು ಎಷ್ಟು ಇಳಿಬಿಡಬೇಕೆಂಬುದು ಇದರ ಮೇಲೆ ನಿಂತಿದೆ. ಎರೆಹುಳು ಹಾಕಿದರೆ ಚೇಳುಮೀನು ಬರುವುದೂ ಉಂಟು. ಅದರ ಈಜುರೆಕ್ಕೆಯ ಮುಳ್ಳು ಚುಚ್ಚಿದರೆ ಹೆಸರಿಗೆ ತಕ್ಕಂತೆ ಉರಿಯುತ್ತದೆ, ಮಕ್ಕಳು ಬರಿಗೈಯಲ್ಲಿ ಹಿಡಿಯಬಾರದು. ಜೊಂಡಿನ ಅಂಚಿನಲ್ಲಿ ಕೆಂಪನೆಯ ಸಣ್ಣ ಮರಿಗಳ ಗುಂಪೊಂದು ಸುತ್ತುತ್ತಿದ್ದರೆ ಅವು ಕೊರವನ ಮರಿಗಳು. ಅಡಿಯಲ್ಲಿ ದೊಡ್ಡ ಮೀನು ಕಾವಲಿರುತ್ತದೆ. ಅಲ್ಲಿ ಗಾಳ ಹಾಕಿದರೆ ಒಂದು ಮೀನು ಸಿಕ್ಕೀತು, ಮರಿಗಳೆಲ್ಲ ಬೇರೆಯವಕ್ಕೆ ಆಹಾರವಾದಾವು.

ಹಕ್ಕಿ ನೋಡುವವರು ಇನ್ನೂ ಒಂದು ತಿಂಗಳು ಕಾಯಲಿ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ನಂಜನಗೂಡಿನ ಕಡೆಯ ಹದಿನಾರು ಕೆರೆಗೂ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ.

ಬುತ್ತಿಗೆ ಪುಳಿಯೋಗರೆ, ಮೊಸರನ್ನ, ಒಂದಿಷ್ಟು ಕೋಡುಬಳೆ ಸಾಕು. ಏರಿಯ ಮೇಲೆ ಒಲೆ ಹೂಡಬೇಡಿ. ನೆರಳೆಂದು ಜಮಖಾನೆ ಹಾಸುವ ಮುನ್ನ ಕಲ್ಲುಸಂದಿಗಳನ್ನು ನೋಡಿಕೊಳ್ಳಿ, ಹಾವುಗಳಿಗೂ ಅದು ಮೆಚ್ಚಿನ ಜಾಗ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಎಂಜಲೆಲೆ ದನಕ್ಕಾದೀತು, ಪ್ಲಾಸ್ಟಿಕ್ ಚೀಲವನ್ನು ಮಾತ್ರ ಮಡಿಸಿ ಜೊತೆಗೇ ತನ್ನಿ, ಅದು ತೇಲಿಹೋಗಿ ತೂಬಿನ ಕಂಡಿಗೆ ಸಿಕ್ಕಿಕೊಂಡರೆ ಕೆಳಗಿನ ಗದ್ದೆಯವರು ನೀರಿಲ್ಲದೆ ಕಾಯಬೇಕಾಗುತ್ತದೆ. ಹಿಂದಿರುಗುವ ಬಸ್ಸಿನ ವೇಳೆಯನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಹಳ್ಳಿಯ ದಾರಿಯಲ್ಲಿ ಕೊನೆಯ ಬಸ್ಸು ಬೇಗ ಹೊರಡುತ್ತದೆ.