ಮಾಳಿಗೆಗೊಂದು ಕಣ್ಣು

“ಮಳಿ ಬಂತು, ಬೆಳಕಿಂಡಿ ಮುಚ್ರಲೇ!”

ಸಿರುಗುಪ್ಪದ ಕಡೆಯ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಈ ಕೂಗು ಗೊತ್ತು. ಹುಡುಗರಲ್ಲೊಬ್ಬ ದಡದಡ ಮಾಳಿಗೆ ಹತ್ತಿ, ಕಿಂಡಿಯ ಮೇಲೆ ತಗಡು ಎಳೆದು, ಅದಕ್ಕೊಂದು ಕಲ್ಲು ಹೇರಿ ಇಳಿಯಬೇಕು. ಅವನು ಇಳಿಯುವಷ್ಟರಲ್ಲಿ ಪಡಸಾಲೆ ಕತ್ತಲಾಗಿರುತ್ತಿತ್ತು.

ಕಟ್ಟುವ ಬಗೆ ಸರಳ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಗೆ ಅಡ್ಡಲಾಗಿ ಕಟ್ಟಿಗೆ, ಸೊಪ್ಪು, ಅದರ ಮೇಲೆ ದಪ್ಪನೆಯ ಮಣ್ಣು, ನೀರಿಳಿಯದಂತೆ ಕೊನೆಗೆ ಸೌಳು ಮಣ್ಣು. ವರ್ಷದ ಮಳೆ ಐದಾರು ನೂರು ಮಿಲಿಮೀಟರ್ ಆಸುಪಾಸಿನಲ್ಲೇ ಇರುವ ಸೀಮೆಯಲ್ಲಿ ಇಂಥ ಮಾಳಿಗೆ ಬಾಳುತ್ತದೆ. ಎರಡು ಜಂತಿಗಳ ನಡುವೆ ಗೇಣಗಲ ಜಾಗ ಬಿಟ್ಟು, ತಳ ಒಡೆದ ಗಡಿಗೆ ಕೂರಿಸಿ, ಸುತ್ತ ಮಣ್ಣಿನ ಏರು ಕಟ್ಟಿದರೆ ಬೆಳಕಿಂಡಿ ಆಯಿತು.

ಗೋಡೆಗೇ ಕಿಟಕಿ ಇಡಬಹುದಿತ್ತಲ್ಲ? ಬಳ್ಳಾರಿಯ ಕೌಲ್ ಬಜಾರ್, ಬ್ರೂಸ್‌ಪೇಟೆಯ ಹಳೆಯ ಓಣಿಗಳಲ್ಲಿ ಒಮ್ಮೆ ಸುತ್ತಿದರೆ ಉತ್ತರ ಸಿಗುತ್ತದೆ. ಎಡಬಲದ ಮನೆಗಳು ಒಂದಕ್ಕೊಂದು ಒರಗಿಕೊಂಡಿವೆ. ಗೋಡೆ ಒಡೆದರೆ ಕಾಣುವುದು ಪಕ್ಕದ ಮನೆಯವರ ಅಡುಗೆಮನೆ. ಬೆಳಕಿಗೆ ಉಳಿದ ದಾರಿ ನೆತ್ತಿಯೊಂದೇ.

ಇದನ್ನು ಗವಾಕ್ಷಿ ಎನ್ನುವವರೂ ಇದ್ದಾರೆ. ಸಂಸ್ಕೃತದ ಗವಾಕ್ಷ ಎಂದರೆ ಗೋವಿನ ಕಣ್ಣು. ಫ್ರೆಂಚರು ಕೂಡ ಗುಂಡನೆಯ ಪುಟ್ಟ ಕಿಟಕಿಯನ್ನು ಎತ್ತಿನ ಕಣ್ಣು ಎಂದೇ ಕರೆಯುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರನ ಎದುರು ನಿಂತು, ಕತ್ತೆತ್ತಿ ಆ ಭಾರೀ ಬಸವನ ಕಣ್ಣು ನೋಡಿದವರಿಗೆ ಈ ಹೆಸರಿನ ಬಗ್ಗೆ ತಕರಾರು ಇರಲಾರದು.

ಆ ಕಿಂಡಿ ಸಣ್ಣದಿದ್ದುದು ಬಡತನಕ್ಕಲ್ಲ, ಬಿಸಿಲಿಗೆ. ಬಳ್ಳಾರಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ, ವರ್ಷಕ್ಕೆ ಎರಡು ಸಲ, ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬೇಸಿಗೆಯಲ್ಲಿ ಬಿಸಿ 40 ಡಿಗ್ರಿ ದಾಟುತ್ತದೆ. ಕಿಂಡಿಯ ಬಾಯಿ ಕಿರಿದು, ಮಣ್ಣಿನ ದಪ್ಪದಿಂದಾಗಿ ಕೊರಳು ಆಳ. ಓರೆ ಬಿಸಿಲು ಕೊರಳಿನ ಗೋಡೆಗೆ ತಾಗಿ, ಕಾವು ಅಲ್ಲೇ ಬಿಟ್ಟು, ಬರೀ ಬೆಳಕಾಗಿ ಒಳಗಿಳಿಯುತ್ತದೆ. ಬಿಸಿಲ ಬಿಲ್ಲೆ ನೆಲಕ್ಕೆ ಬೀಳುವುದು ಮಧ್ಯಾಹ್ನದ ಚೂರು ಹೊತ್ತು ಮಾತ್ರ. ಒಲೆಯ ಹೊಗೆ ಅದರೊಳಗೆ ನೀಲಿಯಾಗಿ ಸುತ್ತುತ್ತಾ ಮೇಲೇರುವುದನ್ನು ನೋಡುತ್ತಾ ಊಟ ಮರೆತ ಮಕ್ಕಳು ಬಹಳ.

ಈಗಿನ ಆರ್‌ಸಿಸಿ ಮನೆಗಳಿಗೆ ಸ್ಕೈಲೈಟ್ ಎಂಬ ಹೆಸರಲ್ಲಿ ಅದೇ ಕಿಂಡಿ ಮರಳಿದೆ. ಕೊರಳು ಮಾತ್ರ ಮರಳಿಲ್ಲ. ಪರಿಚಯದವರೊಬ್ಬರು ಹಾಲ್ ನಡುವೆ ಆರಡಿ ಚೌಕದ ಗಾಜು ಹಾಕಿಸಿದರು. ಗೃಹಪ್ರವೇಶಕ್ಕೆ ಬಂದವರೆಲ್ಲ ಕತ್ತೆತ್ತಿ ಹೊಗಳಿದರು. ಏಪ್ರಿಲ್‌ನಲ್ಲಿ ಹೋದಾಗ ಗಾಜಿನ ಮೇಲೆ ಹಸಿರು ನೆಟ್, ನೆಟ್ ಮೇಲೆ ಹಳೆಯ ಫ್ಲೆಕ್ಸ್. ಕೆಳಗೆ ಹಗಲೇ ಟ್ಯೂಬ್‌ಲೈಟ್.

ನನ್ನ ಕೇಳಿದರೆ, ಈ ಊರಿಗೆ ಮಲಗಿದ ಗಾಜಿಗಿಂತ ನಿಂತ ಗಾಜು ವಾಸಿ. ಛತ್ತಿನ ಕಿಂಡಿಯ ಸುತ್ತ ಎರಡು ಅಡಿ ಗೋಡೆ ಎಬ್ಬಿಸಿ, ಮೇಲೆ ಮುಚ್ಚಿಗೆ ಹಾಕಿ, ಉತ್ತರದ ಬದಿಗೆ ಮಾತ್ರ ಗಾಜು ಕೂರಿಸುವುದು. ಜೂನ್ ಕೊನೆಗೂ ಇಲ್ಲಿ ನಡುಹಗಲ ಸೂರ್ಯ ಉತ್ತರಕ್ಕೆ ವಾಲುವುದು ಎಂಟು ಡಿಗ್ರಿ ಅಷ್ಟೇ. ಮುಚ್ಚಿಗೆಯನ್ನು ಅರ್ಧ ಅಡಿ ಮುಂದೆ ಚಾಚಿದರೆ ಆ ಬಿಸಿಲೂ ಒಳಬರದು. ಗೋಡೆಗೆ ಹೊಸ ಕಿಟಕಿ ತೆಗೆಸುವವರಿಗೂ ಇದೇ ಲೆಕ್ಕ: ಮೊದಲು ಉತ್ತರ, ಆಮೇಲೆ ಸಜ್ಜಾ ಹಾಕಿದ ದಕ್ಷಿಣ; ಪಡುವಣ ಬೇಡವೇ ಬೇಡ.

ಕಟ್ಟಿದ ಛತ್ತನ್ನು ಕೊರೆಸುವವರು ಇಂಜಿನಿಯರಿಗೆ ತೋರಿಸದೆ ಕೈಹಾಕಬಾರದು. ಬೀಮಿಗೆ ಏಟು ಬೀಳಕೂಡದು, ಕತ್ತರಿಸಿದ ಕಂಬಿಗಳ ಸುತ್ತ ಹೊಸ ಆಸರೆ ಬೇಕು. ಗಾಜು ಲ್ಯಾಮಿನೇಟೆಡ್ ಇರಲಿ, ಒಡೆದರೂ ಚೂರು ತಲೆಯ ಮೇಲೆ ಉದುರದು. ಕಳ್ಳರಿಗೂ ಮಂಗಗಳಿಗೂ ಸೇರಿ ಒಂದೇ ಗ್ರಿಲ್ ಸಾಕು.

ಇಷ್ಟೆಲ್ಲ ಮಾಡಿಯೂ ಪೂರ್ತಿ ಸೀಲ್ ಮಾಡಿಬಿಟ್ಟರೆ ಮನೆಯ ಕಾವು ಹೊರಗೆ ಹೋಗುವುದಿಲ್ಲ. ಗಾಜಿನ ಕೆಳಗೆ ನಾಲ್ಕು ಬೆರಳು ಜಾಲರಿ ಬಿಡಿಸಿ. ಗುಬ್ಬಿ ನುಗ್ಗುತ್ತದೆ ಎಂದು ಮೇಸ್ತ್ರಿ ಗೊಣಗಬಹುದು. ಹಳೆಯ ಕಿಂಡಿಯಿಂದ ಬೆಕ್ಕೇ ಇಳಿದು ಹಾಲು ಕುಡಿದು ಹೋಗುತ್ತಿತ್ತು.