ಕತ್ತಲ ದಾರಿಯಲ್ಲಿ ಕಾರಿನ ಕಣ್ಣು

ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಉಮರ್ಗಾ, ಕಾಸಾರಶಿರಸಿ, ನಿಲಂಗಾ ಭಾಗದ ರಸ್ತೆಗಳ ರಾತ್ರಿಯ ರೂಪವೇ ಬದಲಾಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದರಂತೆ ಕಾರ್ಖಾನೆಯತ್ತ ಸಾಗುತ್ತವೆ. ಟ್ರಾಲಿಯಿಂದ ಹೊರಚಾಚಿದ ಕಬ್ಬು ಹಿಂಬದಿಯ ದೀಪವನ್ನು ಮುಚ್ಚಿಬಿಡುವುದುಂಟು. ದೀಪವೇ ಇಲ್ಲದ ಟ್ರಾಲಿಗಳೂ ಉಂಟು. ಸೊಲ್ಲಾಪುರದ ದವಾಖಾನೆಗೋ ಬೀದರ ಕಡೆಯ ಮದುವೆಗೋ ಹೋಗಿ ತಡರಾತ್ರಿ ಮರಳುವ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ಈ ಅಪಾಯವನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಚಾಲಕನು ಅಡ್ಡಿಯನ್ನು ಕಂಡು ಬ್ರೇಕ್ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ 33 ಮೀಟರ್ ಕಳೆದಿರುತ್ತದೆ. ಬಳಿಕ ಕಾರು ನಿಲ್ಲಲು ಒಣ ಡಾಂಬರಿನ ಮೇಲೂ ಇನ್ನೂ ಸುಮಾರು 35 ಮೀಟರ್ ಬೇಕು. ಒಟ್ಟು ಸುಮಾರು 70 ಮೀಟರ್! ತಗ್ಗಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ ಕಪ್ಪು ವಸ್ತುವೊಂದು 50 ಮೀಟರಿನಾಚೆ ಸ್ಪಷ್ಟವಾಗಿ ಕಾಣುವುದೇ ಕಷ್ಟ. ಅದೇ ಕಾರು 60ರ ವೇಗದಲ್ಲಿದ್ದರೆ 45 ಮೀಟರಿನೊಳಗೆ ನಿಲ್ಲಬಲ್ಲದು.

ಇಂದಿನ ಚಾಲಕ ಸಹಾಯಕ ತಂತ್ರಜ್ಞಾನವು ನೆರವಾಗುವುದು ಈ ಕೊರತೆಯ ಜಾಗದಲ್ಲಿಯೇ. ಕಾರಿನ ಮುಂಭಾಗದ ರೇಡಾರ್ ರೇಡಿಯೊ ತರಂಗಗಳನ್ನು ಕಳುಹಿಸಿ, ಅವು ತಾಗಿ ಮರಳುವ ರೀತಿಯಿಂದ ಎದುರಿನ ವಸ್ತುವಿನ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಅದಕ್ಕೆ ಬೆಳಕಿನ ಹಂಗಿಲ್ಲ. ಗಾಜಿನ ಹಿಂದಿನ ಕ್ಯಾಮೆರಾ ಆ ವಸ್ತು ಏನೆಂಬುದನ್ನು ಗುರುತಿಸಲು ಯತ್ನಿಸುತ್ತದೆ. ಡಿಕ್ಕಿಯ ಸಂಭವ ಕಂಡರೆ ಮೊದಲು ಎಚ್ಚರಿಕೆಯ ಸದ್ದು. ಚಾಲಕ ಸ್ಪಂದಿಸದಿದ್ದರೆ ಕಾರು ತಾನೇ ಬ್ರೇಕ್ ಹಾಕುತ್ತದೆ. ಇಂತಹ ಬ್ರೇಕ್ ಇರುವ ಕಾರುಗಳು ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವ ಪ್ರಸಂಗಗಳು ಅರ್ಧದಷ್ಟು ಕಡಿಮೆಯೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಸದ್ದು, ವೇಗದ ಎಚ್ಚರಿಕೆ ಮತ್ತು ಹಿಂದಕ್ಕೆ ಸರಿಸುವಾಗ ನೆರವಾಗುವ ಸೆನ್ಸರ್ ಕಡ್ಡಾಯವಾದವು. 80 ದಾಟಿದಾಗ ಆಗಾಗ ಕೇಳುವ ಸದ್ದು 120 ದಾಟಿದರೆ ಎಡೆಬಿಡದೆ ಕೂಗುತ್ತದೆ. ಅದನ್ನು ಕಿರಿಕಿರಿಯೆಂದು ಬಗೆಯುವವರು ಒಂದು ಅಂಕಿಯನ್ನು ನೆನೆಯಬೇಕು: 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವುಗಳಲ್ಲಿ ಶೇಕಡಾ 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ಸರಕಾರದ ವರದಿ ದಾಖಲಿಸಿದೆ.

ಸುರಕ್ಷತೆಯ ಜೊತೆಗೆ ಸೌಖ್ಯವೂ ಇದೆ. ಉಮರ್ಗಾದಿಂದ ಪುಣೆಯವರೆಗಿನ ಹೆದ್ದಾರಿಯಲ್ಲಿ ಮುಂದಿನ ವಾಹನದ ವೇಗಕ್ಕೆ ತಕ್ಕಂತೆ ಅಂತರ ಕಾಯ್ದುಕೊಂಡು ಸಾಗುವ ಕ್ರೂಸ್ ಕಂಟ್ರೋಲ್ ಚಾಲಕನ ಕಾಲಿನ ದಣಿವನ್ನು ತಗ್ಗಿಸುತ್ತದೆ. ಟೈರಿನ ಗಾಳಿ ಇಳಿದುದನ್ನು ತಿಳಿಸುವ ದೀಪವು ಮರಾಠವಾಡದ ಬೇಸಿಗೆಯಲ್ಲಿ ಬಹು ಉಪಕಾರಿ. ಗಾಳಿ ಕಡಿಮೆಯಾದ ಟೈರು ಕಾದ ರಸ್ತೆಯಲ್ಲಿ ಇನ್ನಷ್ಟು ಬಿಸಿಯಾಗಿ ಸಿಡಿಯುವ ಭಯವಿರುತ್ತದೆ.

ಆದರೆ ಹೆದ್ದಾರಿಯಿಂದ ಕಾಸಾರಶಿರಸಿಯ ಕಡೆಗೆ ತಿರುಗಿದೊಡನೆ ಈ ಸಹಾಯಕನ ಬಲ ಕುಗ್ಗಬಹುದು. ಬಿಳಿ ಗೆರೆ ಅಳಿಸಿಹೋದ ರಸ್ತೆಯಲ್ಲಿ ಪಥ ಕಾಯುವ ಕ್ಯಾಮೆರಾಕ್ಕೆ ಓದಲು ಏನೂ ಉಳಿಯುವುದಿಲ್ಲ. ಧೂಳು, ಮಂಜು, ಜಡಿಮಳೆ ಅದರ ಕಣ್ಣನ್ನು ಮಸುಕುಗೊಳಿಸುತ್ತವೆ. ಕಾರು, ಬೈಕು, ಪಾದಚಾರಿಗಳನ್ನು ಗುರುತಿಸಲು ಕಲಿತ ಯಂತ್ರವು ಎತ್ತಿನ ಗಾಡಿಯನ್ನೋ, ಅಡ್ಡಬಂದ ಎಮ್ಮೆಯನ್ನೋ, ಕಬ್ಬಿನ ಹೊರೆಯನ್ನೋ ಸಕಾಲದಲ್ಲಿ ಗುರುತಿಸೀತೆಂಬ ಖಾತರಿಯಿಲ್ಲ. ಆದುದರಿಂದ ಅದು ಸಹಾಯಕ ಮಾತ್ರ, ಸಾರಥಿಯಲ್ಲ.

ಹೊಸ ಕಾರು ಕೊಳ್ಳಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಟ್ರಾಲಿಯ ಹಿಂಬದಿಗೆ ಅಂಟಿಸುವ ಕೆಂಪು ರೇಡಿಯಂ ಪಟ್ಟಿಗೆ ತಗಲುವ ಖರ್ಚು ಅಲ್ಪ. ಹಿಂದಿನಿಂದ ಬರುವ ಕಾರು ಹಳೆಯದಿರಲಿ, ಹೊಸದಿರಲಿ, ಅದರ ದೀಪದ ಬೆಳಕು ಆ ಪಟ್ಟಿಯ ಮೇಲೆ ಬಿದ್ದು ದೂರದಿಂದಲೇ ಹೊಳೆಯುತ್ತದೆ. ಹಂಗಾಮಿಗೆ ಮುನ್ನ ಟ್ರಾಲಿಯ ಮಾಲಕರು ಆ ಪಟ್ಟಿ ಅಂಟಿಸಿ, ಹೊರೆಯಿಂದ ಅದು ಮುಚ್ಚಿಹೋಗದಂತೆ ನೋಡಿಕೊಂಡರೆ, ಕಾರು ಓಡಿಸುವವರು ಈ ದಾರಿಯಲ್ಲಿ ರಾತ್ರಿ 60ರ ಮಿತಿಯೊಳಗೇ ಉಳಿದರೆ, ಎಷ್ಟೋ ಮನೆಯವರು ಸುಖವಾಗಿ ಮನೆ ಸೇರಿಯಾರು.