ಎಕ್ಕದ ಚಿಟ್ಟೆ ಮತ್ತು ಮಾಗಳಿ ಬೇರು

ನಮ್ಮ ಬಯಲುಸೀಮೆಯ ಹೊಲದ ಬದುಗಳಲ್ಲಿ ಕಿತ್ತಳೆ ಬಣ್ಣದ ಚಿಟ್ಟೆಯೊಂದನ್ನು ನೀವೆಲ್ಲ ಕಂಡಿರ್ತೀರಿ. ರೆಕ್ಕೆಯ ತುದಿ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ. ಪುಸ್ತಕದಲ್ಲಿ ಪ್ಲೇನ್ ಟೈಗರ್ ಅಂತ ಹೆಸರು. ಇದೇ ಸೀಮೆಯ ಕಲ್ಲುಗುಡ್ಡಗಳಲ್ಲಿ ಹಬ್ಬುವ ಮಾಗಳಿ ಬೇರಿನ ಬಳ್ಳಿ ಮಾತ್ರ ಈಗ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿದೆ. ಇಬ್ಬರಿಗೂ ಅದೇ ಬಿಸಿಲು, ಅದೇ ಮಳೆ. ಹಾಗಾದ್ರೆ ಒಂದು ಉಳಿದು ಇನ್ನೊಂದು ಕಾಣೆಯಾಗೋದು ಯಾಕೆ?

ಚಿಟ್ಟೆಯ ಲೆಕ್ಕ ಸರಳ. ಎಕ್ಕದ ಎಲೆಯ ಅಡಿಗೆ ಒಂದೊಂದೇ ಮೊಟ್ಟೆ ಇಡುತ್ತೆ. ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳ ಆ ಎಲೆ ತಿಂದೇ ಬೆಳೆಯುತ್ತೆ. ಎಕ್ಕದ ಹಾಲು ವಿಷ, ದನಗಳು ಬಾಯಿ ಹಾಕೋದು ಅಪರೂಪ. ಆ ವಿಷ ಹುಳದ ಮೈ ಸೇರಿದರೆ ಚಿಟ್ಟೆಯಾದ ಮೇಲೂ ಉಳಿಯುತ್ತೆ. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಹತ್ತಿರ ಸುಳಿಯೋದಿಲ್ಲ. ಅದಕ್ಕೇ ಇದು ನೆಂಟರ ಮನೆಗೆ ಹೊರಟವರ ಹಾಗೆ ನಿಧಾನವಾಗಿ ಹಾರುತ್ತೆ! ಮೊಟ್ಟೆ ಚಿಟ್ಟೆಯಾಗೋಕೆ ಸುಮಾರು ಒಂದು ತಿಂಗಳು. ಹುಳ ಕಂಡ ಕೂಡಲೇ ಔಷಧಿ ಹೊಡೆಯುವವರು ಕೇಳಿ, ಈ ಹುಳ ರಾಗಿಗೂ ಬರೋದಿಲ್ಲ, ತೊಗರಿಗೂ ಬರೋದಿಲ್ಲ.

ಮಾಗಳಿಯೂ ಎಕ್ಕದ ಕುಟುಂಬದ್ದೇ. ಮುರಿದರೆ ಹಾಲು, ಕಾಯಿ ಒಡೆದರೆ ರೇಷ್ಮೆ ಕೂದಲಿನ ಬೀಜ ಗಾಳಿಗೆ ತೇಲುತ್ತೆ. ಆದರೆ ಇದರ ಬೇರಿಗೆ ಘಮ ಇದೆ. ಮಾಗಳಿ ಉಪ್ಪಿನಕಾಯಿ ಇದ್ದರೆ ಮೊಸರನ್ನಕ್ಕೆ ಬೇರೇನೂ ಬೇಡ. ಔಷಧಿಯವರೂ ಸೊಗದೆ ಬೇರಿನ ಬದಲಿಗೆ ಇದನ್ನು ಕೊಳ್ತಾರೆ. ಎಲೆಯನ್ನೋ ಕಾಯನ್ನೋ ಕೇಳಿದ್ದರೆ ಬಳ್ಳಿ ಹೇಗೋ ಬದುಕುತ್ತಿತ್ತು. ಕೇಳೋದು ಬೇರನ್ನು. ಅದು ದಪ್ಪಗಾಗೋಕೆ ವರ್ಷಗಟ್ಟಲೆ ಬೇಕು, ಹಾರೆ ಹಾಕಿ ಎತ್ತೋಕೆ ಒಂದು ಹೊತ್ತೂ ಬೇಡ. ಬೀಜ ಕಟ್ಟುವ ಮುಂಚೆಯೇ ಅಗೆದರೆ ಮುಂದಿನ ಬಳ್ಳಿ ಎಲ್ಲಿಂದ ಬರಬೇಕು?

ಗುಡ್ಡ ಹತ್ತಿ ಅಗೆಯುವವನನ್ನು ಬೈದು ಪ್ರಯೋಜನವಿಲ್ಲ. ಮಳೆ ಕೈಕೊಟ್ಟ ವರ್ಷ ಬೇರು ಮಾರಿದ ದುಡ್ಡಲ್ಲೇ ಅವನ ಮನೆಗೆ ರಾಗಿ ಬರಬೇಕು. ಅಗೆಯುವ ರೀತಿ ಬದಲಾಯಿಸಬಹುದು. ಪಕ್ಕದ ಒಂದೆರಡು ಬೇರು ಕೊಯ್ದು, ನಡುಬುಡ ಅಲುಗಿಸದೆ ಮಣ್ಣು ಮುಚ್ಚಿ. ಬಲಿತ ಕಾಯಿ ಒಡೆಯುವ ಮುಂಚೆ ತೆಳು ಬಟ್ಟೆ ಕಟ್ಟಿದರೆ ಬೀಜ ಹಾರಿಹೋಗೋದಿಲ್ಲ. ಬೀಜ ಹಳೆಯದಾದಷ್ಟೂ ಮೊಳಕೆ ಕಮ್ಮಿ, ಹಾಗಾಗಿ ತಡಮಾಡದೆ ಚೀಲಗಳಲ್ಲಿ ಊರಿ. ಸಸಿಯನ್ನು ಮಳೆಗಾಲದಲ್ಲಿ ಕಲ್ಲುಬದುವಿನ ಬೇಲಿ ಪಕ್ಕ ನೆಟ್ಟರೆ ಹಬ್ಬೋಕೆ ಆಸರೆಯೂ ಸಿಗುತ್ತೆ. ಆ ಬೇಲಿಯಲ್ಲಿ ಎಕ್ಕ ಇದ್ದರೆ ಕಡಿಯಬೇಡಿ.